ದಾನವಾಗಿ ಬಂದ ನಲವತ್ತು ವರ್ಷ

ರಾಯಚೂರಿನ ಮನೆಗಳಲ್ಲಿ ಹುಟ್ಟುಹಬ್ಬ ಬಂದಾಗ ಗುರುಗಳಲ್ಲಿ ಬೇಡುವುದು ಒಂದನ್ನೇ: "ಫಾದರ್, ಆಯುಷ್ಯ ಹೆಚ್ಚಲೆಂದು ಪ್ರಾರ್ಥಿಸಿರಿ." ಆಯುಷ್ಯ ಏತಕ್ಕೆ ಬೇಕೆಂಬ ಪ್ರಶ್ನೆಯನ್ನು ಬೇಡುವವರೂ ಎತ್ತುವುದಿಲ್ಲ, ಹರಸುವ ನಾವೂ ಎತ್ತುವುದಿಲ್ಲ. ಆ ಪ್ರಶ್ನೆಯನ್ನು ಎತ್ತುವ ಕಥನವೊಂದು ನಮ್ಮ ನೆಲದಲ್ಲಿಯೇ ಇದೆ.

1728ರಲ್ಲಿ ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಹಾಡುವ ಹರಿದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿದರು. ಆ ನೆಪವೇ ನಿಜವಾಗಿ ಪ್ರಾಣಕ್ಕೆ ಬಂತು. ಪಶ್ಚಾತ್ತಾಪಪಟ್ಟು ಬಂದವರನ್ನು ವಿಜಯದಾಸರು ತಮ್ಮ ಶಿಷ್ಯರಾದ ಗೋಪಾಲದಾಸರಲ್ಲಿಗೆ ಕಳುಹಿಸಿದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಆ ದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರು ಎನ್ನುತ್ತದೆ ಪರಂಪರೆ. ಗೋಪಾಲದಾಸರು 1762ರಲ್ಲಿ ತೀರಿಕೊಂಡರು. ಬದುಕುಳಿದ ವಿದ್ವಾಂಸರು ಜಗನ್ನಾಥದಾಸರಾಗಿ 1809ರವರೆಗೆ ಬಾಳಿದರು. ತಾವು ಹಿಂದೆ ಕಡೆಗಣಿಸಿದ್ದ ಕನ್ನಡದಲ್ಲಿಯೇ, ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ'ವನ್ನು ರಚಿಸಿದರು.

ಈ ಕಥನದ ಒಂದಂಶವನ್ನು ಕ್ರೈಸ್ತರಾದ ನಾವು ಒಪ್ಪಲಾರೆವು. ರೋಗವನ್ನು ಅಪರಾಧಕ್ಕೆ ಬಂದ ದಂಡನೆಯೆಂದು ಓದುವುದನ್ನು, ಹುಟ್ಟುಕುರುಡನನ್ನು ಕಂಡ ದಿನವೇ ಪ್ರಭು ಯೇಸು ತಳ್ಳಿಹಾಕಿದರು. ಆದರೆ ಕಥನದ ತಿರುಳು ಅದಲ್ಲ. ಮರಳಿ ದೊರೆತ ಕಾಲ ತನ್ನ ಸ್ವತ್ತಲ್ಲವೆಂದು ತಿಳಿದವನು ಅದನ್ನು ಹೇಗೆ ಬಾಳಿದನೆಂಬುದೇ ಅದರ ತಿರುಳು.

ಪವಿತ್ರ ಬೈಬಲ್ಲಿನಲ್ಲಿಯೂ ಇಂಥ ಒಬ್ಬನಿದ್ದಾನೆ. ಮರಣಶಯ್ಯೆಯಲ್ಲಿ ಅತ್ತು ಬೇಡಿದ ಅರಸ ಹಿಜ್ಕೀಯನಿಗೆ ದೇವರು 15 ವರ್ಷಗಳನ್ನು ಕೂಡಿಸಿಕೊಟ್ಟರು. ಅನಂತರ ಅವನು ಮಾಡಿದ್ದೇನು? ಬಾಬಿಲೋನಿನ ದೂತರಿಗೆ ತನ್ನ ಭಂಡಾರವನ್ನೆಲ್ಲ ತೆರೆದು ತೋರಿಸಿದನು. ಆ ಐಶ್ವರ್ಯವೆಲ್ಲ ಬಾಬಿಲೋನಿಗೆ ಹೋಗುವುದೆಂದು ಪ್ರವಾದಿ ಯೆಶಾಯ ಎಚ್ಚರಿಸಿದಾಗ, ತನ್ನ ಕಾಲದಲ್ಲಿ ಶಾಂತಿಯಿದ್ದರೆ ಸಾಕೆಂದು ಸಮಾಧಾನ ತಂದುಕೊಂಡನು. ದೊರೆತ ವರ್ಷಗಳನ್ನು ಒಬ್ಬನು ಜನರ ನುಡಿಗೆ ಒಪ್ಪಿಸಿದನು. ಇನ್ನೊಬ್ಬನು ತನ್ನ ನೆಮ್ಮದಿಯಷ್ಟನ್ನೇ ನೋಡಿಕೊಂಡನು.

ಹಾಗಾದರೆ ನಮ್ಮ ಆಯುಷ್ಯ ಯಾರ ದಾನ? ಸುಮಾರು ಮೂವತ್ತಮೂರು ವರ್ಷ ಬಾಳಿದ ಒಬ್ಬರು ತಮ್ಮ ಪ್ರಾಣವನ್ನೇ ತೆತ್ತು ನಮಗೆ ಜೀವವಿತ್ತರೆಂದು ಪ್ರತಿ ಬಲಿಪೂಜೆಯಲ್ಲಿಯೂ ನಾವು ಸಾರುತ್ತೇವೆ. ಹೀಗೆ ಸಾರುವವರಿಗೆ ವರ್ಷಗಳ ಲೆಕ್ಕವೊಂದೇ ಸಾಲದು. ಲೂಕನ ಶುಭಸಂದೇಶದ ಅಂಜೂರದ ಮರಕ್ಕೆ ತೋಟಗಾರನು ಇನ್ನೊಂದು ವರ್ಷವನ್ನು ಕೇಳಿಕೊಂಡದ್ದು ಅದು ಸುಮ್ಮನೆ ನಿಂತಿರಲೆಂದಲ್ಲ, ಫಲ ಬಿಡಲೆಂದು.

ಈ ಮಾತು ಮೊದಲು ನನಗೇ ತಾಗುತ್ತದೆ. ಐವತ್ತು ದಾಟಿದ ಮೇಲೂ, "ನಾಳೆ ಬರುತ್ತೇನೆ" ಎಂದು ಹೇಳಿ ಹೋಗದೆ ಉಳಿದ ರೋಗಿಗಳ ಮನೆಗಳು ನನ್ನ ನೆನಪಿನಲ್ಲಿವೆ. ಕೆಲವರಿಗೆ ಆ ನಾಳೆ ಬರಲೇ ಇಲ್ಲ.

ಪ್ರಿಯ ಕುಟುಂಬಗಳೇ, ಮುಂದಿನ ಹುಟ್ಟುಹಬ್ಬದಂದು ಆಯುಷ್ಯವನ್ನು ಬೇಡೋಣ. ಅದರೊಂದಿಗೆ, ಈ ವರ್ಷ ಯಾರಿಗಾಗಿ ಎಂಬುದನ್ನೂ ಸಂಜೆಯ ಪ್ರಾರ್ಥನೆಯಲ್ಲಿ ಹೆಸರಿಟ್ಟು ಹೇಳೋಣ.