ಗೆಳೆತನದ ವ್ಯಾಕರಣ: ‘ಪೀರ್ಸ್’ ಶಿಕ್ಷಣಕ್ರಮದ ವಿಮರ್ಶೆ

ಆಟಿಸಂ, ಎಂದರೆ ಸ್ವಲೀನತೆ, ಉಳ್ಳವರ ಚಿಕಿತ್ಸೆಯನ್ನು ಕುರಿತ ಬರಹಗಳಲ್ಲಿ ಬಹುಭಾಗ ಎಳೆಯ ಮಕ್ಕಳಿಗೆ ಸಂಬಂಧಿಸಿದುದು. ಮಗು ಬೆಳೆದು ಪ್ರೌಢಶಾಲೆಯನ್ನೋ ಕಾಲೇಜನ್ನೋ ಸೇರಿದಾಗ ಅದರ ಗತಿಯೇನೆಂಬ ಪ್ರಶ್ನೆಗೆ ನೇರವಾಗಿ ಮುಖಕೊಟ್ಟ ಕ್ರಮಗಳಲ್ಲಿ ‘ಪೀರ್ಸ್’ ಒಂದು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಎಲಿಜಬೆತ್ ಲಾಗೆಸನ್ ಮತ್ತು ಫ್ರೆಡ್ ಫ್ರಾಂಕೆಲ್ ಅವರು ರೂಪಿಸಿದ ಇದರ ಕೈಪಿಡಿ 2010ರಲ್ಲಿ ಪ್ರಕಟವಾಯಿತು. ವಾರಕ್ಕೊಂದರಂತೆ 14 ಪಾಠಗಳು. ಒಂದೊಂದಕ್ಕೂ 90 ನಿಮಿಷ. ತರುಣರು ಕಲಿಯುತ್ತಿರುವಾಗಲೇ ಪಕ್ಕದ ಕೊಠಡಿಯಲ್ಲಿ ತಂದೆತಾಯಿಗಳಿಗೂ ಪಾಠ.

ಲಕ್ಷ್ಯವನ್ನು ನೋಡಿ ಲಕ್ಷಣವನ್ನು ಹೇಳಿರುವುದು ಈ ಕ್ರಮದ ದೊಡ್ಡ ಗುಣ. ಹುಡುಗನೊಬ್ಬನನ್ನು ಇತರರು ಗೇಲಿಮಾಡಿದರೆ ‘ಕಿವಿಗೆ ಹಾಕಿಕೊಳ್ಳಬೇಡ, ಹಿರಿಯರಿಗೆ ತಿಳಿಸು’ ಎಂಬುದು ನಮ್ಮಂಥ ಉಪಾಧ್ಯಾಯರ ಉಪದೇಶ. ತರುಣರ ಲೋಕದಲ್ಲಿ ಅದು ಸಲ್ಲದೆಂಬುದನ್ನು ನಾವೂ ಬಲ್ಲೆವು. ಗೆಳೆಯರುಳ್ಳ ಹುಡುಗರು ನಿಜವಾಗಿ ಮಾಡುವುದು ಬೇರೆ: ಲೆಕ್ಕಿಸದವರಂತೆ ಚುಟುಕಾಗಿ ಒಂದು ಮಾತಾಡಿ ಅಲ್ಲಿಂದ ಹೊರಟುಬಿಡುತ್ತಾರೆ. ಕೈಪಿಡಿ ಇದನ್ನೇ ಕಲಿಸುತ್ತದೆ. ಮಾತುಕತೆಯೊಂದನ್ನು ಸೇರುವಾಗ ಮೊದಲು ದೂರದಿಂದ ಆಲಿಸಿ, ವಿರಾಮಕ್ಕೆ ಕಾದು, ನಡೆಯುತ್ತಿರುವ ವಿಷಯಕ್ಕೇ ಸೇರಿದ ಮಾತನ್ನಾಡಬೇಕೆಂಬ ವಿಧಿಯೂ ಹೀಗೆಯೇ ಪ್ರಯೋಗದಿಂದ ಹುಟ್ಟಿದ್ದು.

ಆದರೆ ಯಾರ ಪ್ರಯೋಗ? ಕೇಶಿರಾಜನು ತನ್ನ ಲಕ್ಷ್ಯವಾದ ಕವಿಗಳನ್ನು ಹೆಸರಿಸಿದ್ದಾನೆ. ಇಲ್ಲಿ ಆಟಿಸಂ ಇಲ್ಲದವರ ನಡೆಯೇ ಏಕೈಕ ಲಕ್ಷ್ಯ, ಮಿಕ್ಕುದೆಲ್ಲ ಅಪಪ್ರಯೋಗ. ಸ್ವತಃ ಆಟಿಸಂ ಉಳ್ಳ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಇದಕ್ಕೆ ಎದುರಾಗಿ, ಅರಿಯದಿರುವಿಕೆ ಉಭಯಪಕ್ಷಗಳದು ಎಂದು ವಾದಿಸಿದರು. ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 72 ಮಂದಿ ಎಂಟೆಂಟು ಜನರ ಸಾಲುಗಳಲ್ಲಿ ಕಥೆಯೊಂದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಆಟಿಸಂ ಉಳ್ಳವರದೇ ಸಾಲು ಇತರರ ಸಾಲಿಗೆ ಸರಿಸಮನಾಗಿತ್ತು. ಹೆಚ್ಚು ಸೋರಿದ್ದು ಮಿಶ್ರ ಸಾಲಿನಲ್ಲಿ. ಮುಂದೆ ಹೆಚ್ಚು ಮಂದಿಯೊಡನೆ ನಡೆದ ಪರೀಕ್ಷೆಯಲ್ಲಿ ಮಿಶ್ರ ಸಾಲಿನ ಈ ಹಿನ್ನಡೆ ಕಾಣಲಿಲ್ಲವೆಂಬುದನ್ನೂ ಹೇಳತಕ್ಕದ್ದು. ಆದರೂ ಮೊದಲನೆಯ ಅಂಶ ನಿಂತಿದೆ.

ಫಲಿತಾಂಶದ ಅಳತೆಯಲ್ಲಿಯೂ ಇದೇ ತೊಡಕು. 2009ರ ಮೊದಲ ಅಧ್ಯಯನದಲ್ಲಿ 13ರಿಂದ 17 ವಯಸ್ಸಿನ 33 ಮಂದಿ ಇದ್ದರು. ವಿಧಿಗಳ ತಿಳಿವಳಿಕೆ ಹೆಚ್ಚಿತು, ಮನೆಗೆ ಗೆಳೆಯರನ್ನು ಕರೆಯುವುದು ಹೆಚ್ಚಿತು, ತಂದೆತಾಯಿಗಳ ಎಣಿಕೆಯಲ್ಲಿ ನಡತೆ ಸುಧಾರಿಸಿತು. ಕಲಿಸಿದ್ದನ್ನೇ ಕೇಳುವ ಪರೀಕ್ಷೆಯಲ್ಲಿ ಅಂಕ ಬರುವುದು ಅಚ್ಚರಿಯಲ್ಲ; ಗೆಳೆಯರು ಮನೆಗೆ ಬಂದದ್ದು ಮಾತ್ರ ಗಣ್ಯವಾದುದು. ಹಾಗೆ ನಡೆದುಕೊಳ್ಳಲು ಹುಡುಗ ತೆತ್ತ ಆಯಾಸವನ್ನು ಈ ಅಳತೆಗಳಾವುವೂ ಹಿಡಿಯವು.

ಇಷ್ಟರಿಂದ ಕ್ರಮವನ್ನೇ ತಳ್ಳಿಹಾಕುವವರೊಡನೆ ನಮಗೆ ಸಹಮತವಿಲ್ಲ. ಒಂಟಿತನದಿಂದ ಬೇಸತ್ತು, ಗೆಳೆಯರು ಬೇಕೆಂದು ತಾನಾಗಿ ಬರುವ ತರುಣನಿಗೆ ಈ ವ್ಯಾಕರಣವನ್ನು ಬಚ್ಚಿಡುವುದು ಅನ್ಯಾಯ. ಪರಭಾಷೆಯನ್ನು ಕಲಿಸುವಂತೆ, ಅವನ ಸ್ವಭಾಷೆಯನ್ನು ತಪ್ಪೆನ್ನದೆ, ಕಲಿಸಬಹುದು.

ಕೈಪಿಡಿಯನ್ನು ಕನ್ನಡಕ್ಕೆ ತರುವವರಿಗಂತೂ ಬರಿಯ ಅನುವಾದ ಸಾಲದು. ‘ನೀನು’, ‘ನೀವು’ಗಳ ಆಯ್ಕೆಗೆ ಇಂಗ್ಲಿಷಿನಲ್ಲಿ ಪಾಠವೇ ಬೇಕಿಲ್ಲ. ‘ಊಟವಾಯಿತೆ?’ ಎಂಬುದು ನಮ್ಮಲ್ಲಿ ಎಷ್ಟೋ ವೇಳೆ ಕುಶಲಪ್ರಶ್ನೆ. ಅದಕ್ಕೆ ತರಗತಿಯ ಹುಡುಗನೊಬ್ಬ ಉಂಡುದನ್ನೆಲ್ಲ ಒಂದೊಂದಾಗಿ ವರದಿಮಾಡಿದರೆ, ಆ ಉತ್ತರವನ್ನು ತಾಳ್ಮೆಯಿಂದ ಕೇಳುವ ಬಗೆಯನ್ನು ಸಹಪಾಠಿಗೂ ಕಲಿಸುವ ಅಧ್ಯಾಯವೊಂದು ಕನ್ನಡದ ಕೈಪಿಡಿಯಲ್ಲಿ ಸೇರಬೇಕು.