ಬಣ್ಣದ ಮೀನಿನ ಅಂಗಡಿಯ ನೀರು

ಕಾರವಾರದ ಮೀನುಪೇಟೆಯಲ್ಲಿ ಬಂಗಡೆ ಕೊಳ್ಳುವವರನ್ನು ಗಮನಿಸಿ. ಕಿವಿರಿನ ಮುಚ್ಚಳವೆತ್ತಿ ಒಳಗೆ ಕೆಂಪಾಗಿದೆಯೇ ಎಂದು ನೋಡುತ್ತಾರೆ. ಬೆರಳಿನಿಂದ ಒತ್ತಿ, ತಗ್ಗು ಮತ್ತೆ ಉಬ್ಬುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಕಣ್ಣು ಒಳಸೇರಿದ್ದರೆ ಆ ಬುಟ್ಟಿಯನ್ನು ಬಿಟ್ಟು ಮುಂದಿನ ಬುಟ್ಟಿಗೆ ಹೋಗುತ್ತಾರೆ. ಇದನ್ನು ಯಾರೂ ಶಾಲೆಯಲ್ಲಿ ಕಲಿತದ್ದಲ್ಲ. ಸತ್ತ ಮೀನಿನ ಗುಣವನ್ನು ಇಷ್ಟು ಚೆನ್ನಾಗಿ ಬಲ್ಲ ಜನ, ಬದುಕಿರುವ ಬಣ್ಣದ ಮೀನನ್ನು ಕೊಳ್ಳಲು ಹೋದಾಗ ಮಾತ್ರ ನೀಲಿ ದೀಪವನ್ನೂ ಹೊಳೆಯುವ ಗಾಜನ್ನೂ ನೋಡಿ ಹಣ ಕೊಟ್ಟು ಬರುತ್ತಾರೆ. ಹತ್ತು ದಿನಗಳಲ್ಲಿ ಮೀನುಗಳು ಒಂದೊಂದಾಗಿ ತೇಲುತ್ತವೆ. ಮತ್ತೆ ಅದೇ ಅಂಗಡಿಗೆ ಹೋಗಿ ಹೊಸ ಜೋಡಿ ತರುತ್ತಾರೆ. ಮನೆಯ ಮಕ್ಕಳು ಇದರಿಂದ ಕಲಿಯುವುದು, ಬಣ್ಣದ ಮೀನು ಸಾಯುವುದೇ ಅದರ ಸ್ವಭಾವ ಎಂಬ ತಪ್ಪು ಪಾಠವನ್ನು.

ಕಾರವಾರ ಮತ್ತು ಅಂಕೋಲೆಯ ಅಲಂಕಾರಿಕ ಮೀನಿನ ಅಂಗಡಿಗಳಿಗೆ ನಾನು ಆಗಾಗ ಹೋಗುತ್ತೇನೆ. ಶಾಲೆಗೆ ಅಕ್ವೇರಿಯಂ ಬೇಕೆಂದು ಅಧ್ಯಾಪಕ ಮಿತ್ರರು ಕೇಳಿದಾಗ ಜೊತೆಗೂ ಹೋಗಿದ್ದೇನೆ. ಅಂಗಡಿಗಳ ಹೆಸರು ಇಲ್ಲಿ ಬೇಡ. ನನ್ನ ಆಕ್ಷೇಪವಿರುವುದು ಒಂದು ಅಂಗಡಿಯ ಮೇಲಲ್ಲ, ನಾವು ಅಂಗಡಿಯನ್ನು ಅಳೆಯುವ ರೀತಿಯ ಮೇಲೆ.

'ನೀರು ಎಷ್ಟು ತಿಳಿಯಾಗಿದೆ ನೋಡಿ' ಎಂಬುದು ಎಲ್ಲ ಕಡೆ ಕೇಳುವ ಮೊದಲ ಶಿಫಾರಸು. ತಿಳಿಯಾದ ನೀರೆಂದರೆ ಬೆಳಕನ್ನು ಚೆದುರಿಸುವ ಕಣಗಳು ಕಡಿಮೆ ಇರುವ ನೀರು, ಅಷ್ಟೆ. ಮೀನನ್ನು ಕೊಲ್ಲುವ ಅಮೋನಿಯ ನೀರಿನಲ್ಲಿ ಪೂರ್ತಿಯಾಗಿ ಕರಗಿರುತ್ತದೆ. ಅದು ಬೆಳಕನ್ನು ಚೆದುರಿಸುವುದೂ ಇಲ್ಲ, ನೀರಿಗೆ ಬಣ್ಣ ಕೊಡುವುದೂ ಇಲ್ಲ. ಒಂದು ಅಂಗಡಿಯಲ್ಲಿ ಟಿಡಿಎಸ್ ಮೀಟರನ್ನು ತೊಟ್ಟಿಯಲ್ಲಿ ಅದ್ದಿ, ಬಂದ ಅಂಕಿಯನ್ನು ಬಹಳ ಅಭಿಮಾನದಿಂದ ತೋರಿಸಿದರು. ಆ ಉಪಕರಣ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದನ್ನೇ ಒಂದು ಗುಣಕದಿಂದ ಗುಣಿಸಿ, ಕರಗಿದ ಲವಣಗಳ ಮೊತ್ತವೆಂದು ತೋರಿಸುತ್ತದೆ. ಆ ಮೊತ್ತದಲ್ಲಿ ಅಡುಗೆ ಉಪ್ಪು ಎಷ್ಟು, ಅಮೋನಿಯಂ ಎಷ್ಟು ಎಂದು ಅದಕ್ಕೆ ತಿಳಿಯದು.

ಮೀನು ತನ್ನ ದೇಹದ ನೈಟ್ರೊಜನ್ ತ್ಯಾಜ್ಯವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯ ರೂಪದಲ್ಲೇ ಹೊರಹಾಕುತ್ತದೆ. ಹೊಳೆಯಲ್ಲಿ ಅದು ಹರಿದು ಹೋಗುತ್ತದೆ, ತೊಟ್ಟಿಯಲ್ಲಿ ಉಳಿಯುತ್ತದೆ. ಜಲ್ಲಿ, ಸ್ಪಂಜು, ಗಾಜಿನ ಮೇಲೆಲ್ಲ ನೆಲೆಸುವ ಒಂದು ಗುಂಪಿನ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಗುಂಪು ನೈಟ್ರೈಟನ್ನು ಅಷ್ಟು ಅಪಾಯಕಾರಿಯಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆದ್ದರಿಂದ ನನ್ನ ಮೊದಲ ಪರೀಕ್ಷೆ ಬಹಳ ಸರಳ: ಗಾಜಿನ ತೊಟ್ಟಿ ಮತ್ತು ಇಪ್ಪತ್ತು ಮೀನುಗಳನ್ನು ಒಂದೇ ದಿನ ಕೊಡಿ ಎಂದು ಕೇಳುವುದು. ಕೂಡಲೇ ಪ್ಯಾಕ್ ಮಾಡಲು ಹೊರಟ ಅಂಗಡಿ, ಅದರ ಗಾಜು ಎಷ್ಟೇ ಹೊಳೆಯಲಿ, ನನ್ನ ಲೆಕ್ಕದಲ್ಲಿ ಅನುತ್ತೀರ್ಣ. ಅಂಕೋಲೆಯ ಒಂದು ಚಿಕ್ಕ ಅಂಗಡಿಯಲ್ಲಿ ಇದಕ್ಕೆ ಬಂದ ಉತ್ತರ ಹೀಗಿತ್ತು: 'ಸರ್, ಇವತ್ತು ತೊಟ್ಟಿ ಮಾತ್ರ ಒಯ್ಯಿರಿ. ನನ್ನ ಹಳೇ ತೊಟ್ಟಿಯ ಸ್ಪಂಜು ಒಂದು ತುಂಡು ಕೊಡುತ್ತೇನೆ, ಅದನ್ನು ಒಣಗಲು ಬಿಡಬೇಡಿ. ಮುಂದಿನ ವಾರ ಬನ್ನಿ, ಎರಡೇ ಮೀನು ಕೊಡುತ್ತೇನೆ.' ನೈಟ್ರೀಕರಣ ಎಂಬ ಪದ ಅವರಿಗೆ ಗೊತ್ತಿತ್ತೋ ಇಲ್ಲವೋ, ಕೆಲಸ ಗೊತ್ತಿತ್ತು. ಆ ಅಂಗಡಿಯ ಗಾಜಿನ ಮೇಲೆ ಹಸಿರು ಪಾಚಿ ಇತ್ತು ಎಂಬುದನ್ನೂ ಹೇಳಬೇಕು.

ಇನ್ನು ಆಕ್ಸಿಜನ್. ಒಂದು ಲೀಟರ್ ಗಾಳಿಯಲ್ಲಿ ಸುಮಾರು 275 ಮಿಲಿಗ್ರಾಂ ಆಕ್ಸಿಜನ್ ಇದ್ದರೆ, 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರಿನಲ್ಲಿ ಹೆಚ್ಚೆಂದರೆ 8.3 ಮಿಲಿಗ್ರಾಂ ಕರಗಿರುತ್ತದೆ. 30 ಡಿಗ್ರಿಗೆ ಇದು 7.6ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಬೇಡಿಕೆ ಏರುತ್ತದೆ. ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಅದು ಹೆಚ್ಚುಕಡಿಮೆ ಇಮ್ಮಡಿ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕರಾವಳಿಯ ತಗಡು ಮಾಡಿನ ಅಂಗಡಿಯೊಂದರ ಸ್ಥಿತಿಯನ್ನು ಊಹಿಸಿಕೊಳ್ಳಿ. ಆಕ್ಸಿಜನ್ ಒಳಬರುವುದು ನೀರಿನ ಮೇಲ್ಮೈಯಿಂದ. ಕದಡದ ನೀರಿನಲ್ಲಿ ಅದು ಕೇವಲ ವಿಸರಣದಿಂದ ಕೆಳಗಿಳಿಯಬೇಕು. ನೀರಿನಲ್ಲಿ ಆಕ್ಸಿಜನ್ನಿನ ವಿಸರಣ ಗುಣಾಂಕ ಸೆಕೆಂಡಿಗೆ ಸುಮಾರು 2×10⁻⁹ ಚದರ ಮೀಟರ್, ಗಾಳಿಯಲ್ಲಿರುವುದರ ಹತ್ತು ಸಾವಿರದಲ್ಲೊಂದು ಪಾಲು. ದೂರದ ವರ್ಗವನ್ನು ಈ ಗುಣಾಂಕದ ಎರಡರಷ್ಟರಿಂದ ಭಾಗಿಸಿದರೆ ಬೇಕಾಗುವ ಕಾಲದ ಅಂದಾಜು ಸಿಗುತ್ತದೆ. 10 ಸೆಂಟಿಮೀಟರ್ ಆಳಕ್ಕೆ ಲೆಕ್ಕ ಹಾಕಿ: ಸುಮಾರು ಒಂದು ತಿಂಗಳು! ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬೇಕು. ಪಂಪಿನಿಂದ ಬರುವ ಗುಳ್ಳೆಗಳ ಮಹತ್ವ ಆಗ ತಿಳಿಯುತ್ತದೆ. ಗುಳ್ಳೆಯೊಳಗಿನ ಗಾಳಿ ಮೇಲೇರುವಷ್ಟರಲ್ಲಿ ಕರಗುವುದು ಅಲ್ಪ. ತಳದ ನೀರನ್ನು ಮೇಲಕ್ಕೆಳೆದು ಮೇಲ್ಮೈಗೆ ಒಡ್ಡುವುದೇ ಅದರ ದೊಡ್ಡ ಕೆಲಸ.

ಇಲ್ಲಿಂದ ಎರಡು ಟೀಕೆಗಳು ಹೊರಡುತ್ತವೆ. ಒಂದು, ಎತ್ತರದ ತೊಟ್ಟಿಗಳ ಬಗ್ಗೆ. 60×30×30 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ 54 ಲೀಟರ್ ನೀರು ಹಿಡಿಯುತ್ತದೆ. ಮಲಗಿಸಿಟ್ಟರೆ ಮೇಲ್ಮೈ 1800 ಚದರ ಸೆಂಟಿಮೀಟರ್, ನಿಲ್ಲಿಸಿದರೆ 900. ಅಂಗಡಿಯವರು ಮೇಜಿನ ಜಾಗ ಉಳಿಯುತ್ತದೆಂದು ನಿಲ್ಲಿಸಿದ್ದನ್ನು ಹೊಗಳುತ್ತಾರೆ. ಮೀನಿನ ಪಾಲಿಗೆ ಕಿಟಕಿ ಅರ್ಧ ಮುಚ್ಚಿದಂತೆ. ಎರಡು, ದುಂಡನೆಯ ಗಾಜಿನ ಬಟ್ಟಲು. ಕುತ್ತಿಗೆಯ ತನಕ ತುಂಬಿಸಿದರೆ ನೀರು ಹೆಚ್ಚುತ್ತದೆ, ಮೇಲ್ಮೈ ಕುಗ್ಗುತ್ತದೆ. ಅದರಲ್ಲಿ ಗೋಲ್ಡ್‌ಫಿಶ್ ಬಿಟ್ಟು ಮಾರುವುದನ್ನು ನಾನು ಎಲ್ಲ ಕಡೆ ಕಂಡಿದ್ದೇನೆ, ಎಲ್ಲ ಕಡೆ ಖಂಡಿಸಿದ್ದೇನೆ, ಫಲ ಮಾತ್ರ ಕಂಡಿಲ್ಲ. ಆ ಬಟ್ಟಲಿಗೆ ಇನ್ನೊಂದು ಚಮತ್ಕಾರವೂ ಉಂಟು. ನೀರಿನ ವಕ್ರೀಭವನ ಸೂಚ್ಯಂಕ 1.33, ಗೋಳದ ಕೇಂದ್ರದಲ್ಲಿರುವ ಮೀನು 1.33 ಪಟ್ಟು ದೊಡ್ಡದಾಗಿ ಕಾಣುತ್ತದೆ. ಗ್ರಾಹಕ ಹಣ ಕೊಡುವುದು ಬಿಂಬಕ್ಕೆ, ಮನೆಗೆ ಒಯ್ಯುವುದು ಮೀನನ್ನು.

ಫೈಟರ್ ಮೀನನ್ನು ಲೋಟದಷ್ಟು ನೀರಿನಲ್ಲಿ ಸಾಲಾಗಿ ಇಟ್ಟಿರುವುದನ್ನು ಪ್ರಶ್ನಿಸಿದರೆ, 'ಇದಕ್ಕೆ ಇಷ್ಟೇ ಸಾಕು, ಗಾಳಿಯನ್ನೇ ಉಸಿರಾಡುತ್ತದೆ' ಎನ್ನುತ್ತಾರೆ. ಅರ್ಧ ನಿಜ. ನಮ್ಮ ಗದ್ದೆಗಳ ಅನಾಬಸ್ ಮೀನಿನಂತೆ ಇದಕ್ಕೂ ತಲೆಯೊಳಗೆ ಗಾಳಿಯಿಂದ ಆಕ್ಸಿಜನ್ ಹೀರುವ ಅಂಗವಿದೆ. ಆದರೆ ಅದು ಹೊರಹಾಕಿದ ಅಮೋನಿಯ ಅದೇ ಲೋಟದಲ್ಲೇ ಇರುತ್ತದೆ. ಲೋಟದ ನೀರನ್ನು ದಿನಕ್ಕೆಷ್ಟು ಸಲ ಬದಲಿಸುತ್ತೀರಿ ಎಂಬುದು ಕೇಳಬೇಕಾದ ಪ್ರಶ್ನೆ.

ಕರಾವಳಿಯ ಅಂಗಡಿಗೆ ಇನ್ನೊಂದು ವಿಶೇಷ ಪರೀಕ್ಷೆ ಬೇಕು. ಚೆನ್ನೈನ ಕೊಳತ್ತೂರು, ಕೋಲ್ಕತ, ಮುಂಬಯಿಗಳಂಥ ಕಡೆ ಬೆಳೆದ ಅಥವಾ ಕೈಬದಲಾದ ಮೀನುಗಳೇ ಸಣ್ಣ ಊರುಗಳಿಗೆ ಬರುವುದು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್ ತುಂಬಿ ಬಿಗಿದು ಕಳಿಸುತ್ತಾರೆ. ದಾರಿಯಲ್ಲಿ ಮೀನು ಬಿಡುವ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ಪಿಎಚ್ ಇಳಿಯುತ್ತದೆ. ಅಮೋನಿಯವೂ ಕೂಡಿಕೊಳ್ಳುತ್ತದೆ, ಆದರೆ ಆಮ್ಲೀಯ ನೀರಿನಲ್ಲಿ ಅದರ ಬಹುಪಾಲು ಕಡಿಮೆ ವಿಷದ ಅಮೋನಿಯಂ ಅಯಾನಾಗಿರುತ್ತದೆ. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ವಿಷಕರ ರೂಪದ ಪಾಲು ನೂರಕ್ಕೆ ಸುಮಾರು 0.6, ಪಿಎಚ್ 8ಕ್ಕೆ ಏರಿದರೆ 5ಕ್ಕೂ ಹೆಚ್ಚು. ಚೀಲದ ಬಾಯಿ ಬಿಚ್ಚಿದೊಡನೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ. ಇಡೀ ದಾರಿಯಲ್ಲಿ ಬದುಕಿದ್ದ ಮೀನು, ಬಿಚ್ಚಿದ ಚೀಲದಲ್ಲಿ ಗಂಟೆಗಟ್ಟಲೆ ಬಿಟ್ಟರೆ ಊರು ಸೇರಿದ ಮೇಲೆ ಸಾಯುತ್ತದೆ. ಚೀಲವನ್ನು ಮುಚ್ಚಿದಂತೆಯೇ ತೇಲಬಿಟ್ಟು ಉಷ್ಣತೆ ಸಮನಾಗಿಸಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಬಲೆಯಲ್ಲಿ ಎತ್ತಿ ಬಿಟ್ಟು, ಚೀಲದ ನೀರನ್ನು ಹೊರಗೆ ಚೆಲ್ಲುವ ಅಂಗಡಿ ತನ್ನ ಕಸುಬು ಬಲ್ಲದ್ದು. ಹೊಸ ಸರಕು ಬರುವ ದಿನ ಯಾವುದೆಂದು ಕೇಳಿ, ಆ ದಿನ ನೋಡಲು ಹೋಗಿ. ಕೊಳ್ಳಲು ಮಾತ್ರ ಹೋಗಬೇಡಿ. ದೂರದಿಂದ ಬಂದ ಮೀನಿನಲ್ಲಿ ಬಿಳಿಚುಕ್ಕೆ ರೋಗ ಕೆಲವು ದಿನಗಳ ನಂತರವೇ ಕಣ್ಣಿಗೆ ಬೀಳುತ್ತದೆ. ಬಂದದ್ದನ್ನು ಒಂದು ವಾರವಾದರೂ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಮಾರುವವರು ನಮ್ಮಲ್ಲಿ ಅಪರೂಪ. ಎಲ್ಲ ತೊಟ್ಟಿಗಳಿಗೂ ಒಂದೇ ಬಲೆ ಅದ್ದುವವರು ಧಾರಾಳ.

ನಮ್ಮ ನೀರಿನ ಸ್ವಭಾವವನ್ನೂ ಅಂಗಡಿ ಅರಿತಿರಬೇಕು. ಚಿರೆಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಅದರಲ್ಲಿ ಬೈಕಾರ್ಬೊನೇಟ್ ಕಡಿಮೆ. ನೈಟ್ರೀಕರಣ ನಡೆದಂತೆ ಆಮ್ಲ ಹುಟ್ಟಿ ಆ ಅಲ್ಪ ಬೈಕಾರ್ಬೊನೇಟೂ ಖರ್ಚಾಗುತ್ತದೆ. ಪಿಎಚ್ ಕುಸಿದು ಬ್ಯಾಕ್ಟೀರಿಯಗಳ ಕೆಲಸವೇ ಕುಂಠಿತವಾಗುತ್ತದೆ. ಅಮೋನಿಯ ಅಯಾನಾಗಿ ಸುಮ್ಮನೆ ಸಂಗ್ರಹವಾಗುತ್ತಿರುತ್ತದೆ. ಒಂದು ಭಾನುವಾರ ಮನೆಯವರು ಅರ್ಧ ತೊಟ್ಟಿ ನೀರು ತೆಗೆದು ಬೇರೆ ಕಡೆಯ ಗಡಸು ನೀರು ತುಂಬುತ್ತಾರೆ. ಪಿಎಚ್ ಏರಿ ಸಂಜೆಯೊಳಗೆ ಮೀನು ಸಾಯುತ್ತದೆ. 'ಶುಚಿ ಮಾಡಿದ್ದೇ ತಪ್ಪಾಯಿತು' ಎಂದು ಹಲವರು ಹೇಳುವುದು ಇದೇ ಕಾರಣಕ್ಕೆ. ಮೆದು ನೀರಿನವರಿಗೆ ಕಪ್ಪೆಚಿಪ್ಪಿನ ಚೂರನ್ನು ಫಿಲ್ಟರಿನಲ್ಲಿಡಿ, ವಾರಕ್ಕೊಮ್ಮೆ ಸ್ವಲ್ಪವೇ ನೀರು ಬದಲಿಸಿ ಎಂದು ಹೇಳುವ ಅಂಗಡಿ ಸಿಕ್ಕರೆ ಬಿಡಬೇಡಿ. ನಲ್ಲಿ ನೀರಿನವರಿಗೆ ಕ್ಲೋರಿನ್ ಬಗ್ಗೆ ಎಚ್ಚರಿಸಬೇಕು. ಇದಕ್ಕೆ ಮಾರುವ ಬಣ್ಣದ ಶೀಸೆಗಳು ಹಲವು. ಅನೇಕವುಗಳಲ್ಲಿ ಇರುವುದು ನಮ್ಮ ಪ್ರಯೋಗಶಾಲೆಯ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಮಳೆಗಾಲದಲ್ಲಿ ಕರೆಂಟು ಹೋದಾಗ ಏನು ಮಾಡುತ್ತೀರಿ ಎಂದೂ ಕೇಳಿ. ಬ್ಯಾಟರಿ ಪಂಪು ಇಲ್ಲದ ಅಂಗಡಿ ಜುಲೈ ತಿಂಗಳಲ್ಲಿ ಎಷ್ಟು ಮೀನು ಕಳೆದುಕೊಳ್ಳುತ್ತದೆಂದು ಅದರ ಮಾಲೀಕರಿಗೇ ಗೊತ್ತು.

ಮೀನುಗಳನ್ನೂ ನೋಡಬೇಡವೇ ಎಂದು ಕೇಳುವಿರಿ. ನೋಡಿ, ಆದರೆ ನೀಲಿ ದೀಪ ಆರಿಸಿ ಬಿಳಿ ಬೆಳಕಿನಲ್ಲಿ. ನಿಯಾನ್ ಟೆಟ್ರಾದ ನೀಲಿ ಗೆರೆ ವರ್ಣದ್ರವ್ಯದ್ದಲ್ಲ. ಚರ್ಮದ ಕೋಶಗಳಲ್ಲಿರುವ ಗ್ವಾನೀನ್ ಹರಳುಗಳ ಪದರಗಳಿಂದ ಬೆಳಕು ಪ್ರತಿಫಲಿಸಿ ವ್ಯತಿಕರಣಗೊಂಡು ಬಂದದ್ದು. ಬಣ್ಣದ ದೀಪದಡಿ ಬಳಲಿದ ಮೀನೂ ಹೊಳೆಯುತ್ತದೆ. ಕೈಗಡಿಯಾರ ಹಿಡಿದು ಒಂದು ನಿಮಿಷಕ್ಕೆ ಕಿವಿರಿನ ಮುಚ್ಚಳ ಎಷ್ಟು ಸಲ ಬಡಿಯುತ್ತದೆಂದು ಎಣಿಸಿ, ಅದೇ ಜಾತಿಯ ಮೀನನ್ನು ಬೇರೆ ಅಂಗಡಿಯಲ್ಲೂ ಎಣಿಸಿ. ಪ್ರೌಢಶಾಲೆಯ ಮಕ್ಕಳಿಗೆ ಇದಕ್ಕಿಂತ ಅಗ್ಗದ ಪ್ರಯೋಗವಿಲ್ಲ. ಪಾರದರ್ಶಕ ಗಾಜುಮೀನಿನ ಬೆನ್ನಿನಲ್ಲಿ ಹಸಿರು, ಗುಲಾಬಿ ಪಟ್ಟಿ ಕಂಡರೆ ಆ ಅಂಗಡಿಯಿಂದ ಹೊರಟುಬಿಡಿ. ಅದು ಸೂಜಿಯಿಂದ ಚುಚ್ಚಿ ತುಂಬಿದ ಬಣ್ಣ. ಆ ಮೀನು ನಮ್ಮದೇ ದೇಶದ ಕೆರೆ-ಗದ್ದೆಗಳದ್ದು. ಕಡಲಕುದುರೆ ಅಥವಾ ಹವಳ ಮಾರಲು ಇಟ್ಟಿದ್ದರೆ ಗುಣಮಟ್ಟದ ಮಾತೇ ಇಲ್ಲ. 2001ರಲ್ಲೇ ಅವು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿ ಸೇರಿವೆ.

ಅಂಗಡಿಯವರನ್ನಷ್ಟೇ ದೂರುವುದು ನ್ಯಾಯವಲ್ಲ. ಬೇಡ ಎಂದು ಹೇಳುವ ಅಂಗಡಿಯನ್ನು ಬಿಟ್ಟು, ಕೇಳಿದ್ದನ್ನೆಲ್ಲ ಕೊಡುವ ಅಂಗಡಿಗೆ ಹೋಗುವವರು ನಾವೇ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಇಂಥ ಊರಿನ ಶಾಲೆಗಳಲ್ಲಿ ಅಕ್ವೇರಿಯಂ ಮುಖ್ಯೋಪಾಧ್ಯಾಯರ ಕೋಣೆಯ ಅಲಂಕಾರವಾಗಿ ಉಳಿಯುವುದು ಬೇಸರದ ಸಂಗತಿ.

ಕೊನೆಯ ಪ್ರಶ್ನೆ, ಕೊಂಡದ್ದನ್ನು ಹಿಂದಕ್ಕೆ ಪಡೆಯುತ್ತೀರಾ ಎಂಬುದು. ಗಾಜು ಶುಚಿ ಮಾಡುತ್ತದೆಂದು ಬೆರಳುದ್ದದ ಸಕ್ಕರ್ ಮೀನನ್ನು ಎಲ್ಲರಿಗೂ ಮಾರುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು 40 ಸೆಂಟಿಮೀಟರಿಗೂ ಮೀರಿ ಬೆಳೆಯಬಲ್ಲದು. ತೊಟ್ಟಿ ಸಾಲದಾದಾಗ ಜನ ಅದನ್ನು ಹತ್ತಿರದ ಕೆರೆಗೋ ಹೊಳೆಗೋ ಬಿಡುತ್ತಾರೆ, ಪುಣ್ಯದ ಕೆಲಸವೆಂದೇ ತಿಳಿದು. ಭಾರತದ ಹಲವು ಜಲಾಶಯ, ಕೆರೆಗಳಲ್ಲಿ ಅದು ಈಗಾಗಲೇ ನೆಲೆಯೂರಿ ಸ್ಥಳೀಯ ಮೀನುಗಳಿಗೂ ಮೀನುಗಾರರ ಬಲೆಗಳಿಗೂ ಉಪದ್ರವವಾಗಿದೆ. ಕಾಳಿ, ಗಂಗಾವಳಿಗಳಿಗೆ ಅದನ್ನು ಬಿಡುವ ಮೊದಲು ಕೊಂಡ ಅಂಗಡಿಗೇ ಒಯ್ಯಿರಿ. ಕಾರವಾರದ ಹೊಳೆಯುವ ಅಂಗಡಿಯಲ್ಲಿ ಈ ಪ್ರಶ್ನೆಗೆ ನಕ್ಕರು. ಅಂಕೋಲೆಯ ಪಾಚಿಗಟ್ಟಿದ ಅಂಗಡಿಯಲ್ಲಿ, ಹಾಗೆ ವಾಪಸು ಬಂದ ಮೂರು ಸಕ್ಕರ್ ಮೀನುಗಳು ಎಲ್ಲಕ್ಕಿಂತ ದೊಡ್ಡ ತೊಟ್ಟಿಯನ್ನು ಹಿಡಿದು ಕೂತಿದ್ದವು. ಅವು ಮಾರಾಟಕ್ಕಿರಲಿಲ್ಲ.