ಕೂಲಿಯಾಳೋ ಮಗನೋ: ಬಾಸೆಲ್ ಮಿಶನ್ ಪರಂಪರೆ ಕೊಟ್ಟ ಗುರುತು

ತಳಕಲ್‌ನಿಂದ ಹುಬ್ಬಳ್ಳಿ ಕಡೆ ಹೊರಟ ಪ್ಯಾಸೆಂಜರ್ ರೈಲು ಬನ್ನಿಕೊಪ್ಪ, ಹರ್ಲಾಪುರ, ಕಣಗಿನಹಾಳ ದಾಟಿ ಗದಗ ಮುಟ್ಟುತ್ತದೆ. ಗದಗಿನ ಜೋಡಿ ಊರು ಬೆಟಗೇರಿ. ನಮ್ಮ ಸೀಮೆಯ ಮಂದಿಗೆ ಬೆಟಗೇರಿ ಅಂದರೆ ನೇಕಾರರ ಓಣಿಗಳು ಮತ್ತು ಜರ್ಮನ್ ದವಾಖಾನೆ. ಆ ದವಾಖಾನೆಯನ್ನು ಕಟ್ಟಿದ ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟಂಟ್ ಸಂಘದವರು ಬಂದದ್ದು ರೋಗ ವಾಸಿ ಮಾಡಲಿಕ್ಕಷ್ಟೇ ಅಲ್ಲ. ‘ನೀನು ಯಾರು?’ ಎಂದು ಕೇಳಿದರೆ ಇಲ್ಲಿಯ ಮನುಷ್ಯ ತಲೆಮಾರುಗಳಿಂದ ತನ್ನ ಕುಲ, ಮಠ, ಊರು, ಗೌಡನ ಹೆಸರು ಹೇಳುತ್ತ ಬಂದಿದ್ದ. ಆ ಉತ್ತರವನ್ನೇ ಬದಲಿಸಬೇಕೆಂದು ಅವರು ಬಂದರು. ನಿನ್ನ ನಿಜವಾದ ಗುರುತು ಹುಟ್ಟಿನಲ್ಲಿಲ್ಲ, ಕ್ರಿಸ್ತನಲ್ಲಿದೆ ಎಂದರು. ಈ ಮಾತಿನಿಂದ ಇಲ್ಲಿ ಏನಾಯಿತು, ಅದನ್ನು ಹೇಳಿದವರೇ ಅದಕ್ಕೆ ಎಷ್ಟು ನಿಷ್ಠರಾಗಿದ್ದರು ಎಂಬುದನ್ನು ತೂಗಿ ನೋಡಬೇಕಾಗಿದೆ.

ಮೊದಲು ಭೂಗೋಳ. ಪೂರ್ವಕ್ಕೆ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಂದು ನೆಲೆಸಿದ್ದರು. ಕನ್ನಡದ ಪೂರ್ತಿ ಬೈಬಲ್ 1831ರಲ್ಲಿ ಅಲ್ಲಿಂದ ಹೊರಬಂತು. ಪಶ್ಚಿಮಕ್ಕೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಬಾಸೆಲ್ ಮಿಶನ್. ನಡುವೆ ಕೊಪ್ಪಳ-ಯಲಬುರ್ಗಾ ಸೀಮೆ, ನಿಜಾಮನ ರಾಜ್ಯದೊಳಗಿನ ಸಾಲಾರ್ ಜಂಗ್ ಜಹಗೀರು. 

ಬಾಸೆಲ್ಲಿನವರು ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಮೂರು ವರ್ಷಕ್ಕೆ ಧಾರವಾಡ, ಆಮೇಲೆ 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಹುಬ್ಬಳ್ಳಿಗೆ ಬಂದ ಹೊಸತರಲ್ಲೇ ಅವರಿಗೆ ಎದುರಾದ ಸಂಗತಿಯೊಂದು ನನ್ನ ದೃಷ್ಟಿಯಲ್ಲಿ ಈ ಇಡೀ ಪರಂಪರೆಯನ್ನು ಅರಿಯುವ ಕೀಲಿಕೈ. ಕಾಲಜ್ಞಾನದ ವಚನಗಳನ್ನು ನಂಬಿಕೊಂಡಿದ್ದ ಲಿಂಗಾಯತ ಗುಂಪುಗಳು ಅವರನ್ನು ಹುಡುಕಿಕೊಂಡು ಬಂದವು. ಕೊಡೇಕಲ್ಲು ಬಸವಣ್ಣನ ಹೆಸರಿನ ಕಾಲಜ್ಞಾನ ಆಗ ಈ ಬಯಲುಸೀಮೆಯ ಹಳ್ಳಿಗಳಲ್ಲಿ ಬಾಯಿಂದ ಬಾಯಿಗೆ ಹರಿಯುತ್ತಿತ್ತು. ಹೊರಗಿನಿಂದ ಗುರು ಬರುತ್ತಾನೆ, ಕೆಟ್ಟ ಕಾಲ ತಿರುಗುತ್ತದೆ ಎಂದು ಕಾದಿದ್ದ ಜನ ಈ ಬಿಳಿಯ ಬೋಧಕರಲ್ಲಿ ಆ ಗುರುವಿನ ಚಹರೆ ಕಂಡರು. ಊರಿಗೆ ಊರೇ ಸಭೆ ಸೇರೀತು ಎಂದು ಮಿಶನರಿಗಳು ಹಿಗ್ಗಿದರು. ಬೆಟಗೇರಿ ಹತ್ತಿರದ ಮಲ್ಲಸಮುದ್ರದಲ್ಲಿ, ಈಗ ಗದಗಿನ ಮೆಡಿಕಲ್ ಕಾಲೇಜು ಇರುವ ಊರಲ್ಲಿ, ಹೊಲಮನೆ ಕೊಟ್ಟು ಇವರನ್ನು ನೆಲೆಗೊಳಿಸಲು ಒಂದು ವಸಾಹತನ್ನೂ ಹೂಡಿದರು. ಅಲ್ಲಿ ನೆಲೆಸಿದವರು ಬೆರಳೆಣಿಕೆಯಷ್ಟು. ಉಳಿದವರು ಬಂದ ದಾರಿಯಲ್ಲೇ ತಿರುಗಿ ಹೋದರು.

ಈ ಸೋಲಿಗೆ ಮಿಶನ್ನಿನವರು ಕೊಟ್ಟ ಕಾರಣ, ಆ ಜನರ ಆಸೆ ಲೌಕಿಕದ್ದು ಎಂಬುದು. ಅದರಲ್ಲಿ ಸತ್ಯವಿಲ್ಲದಿಲ್ಲ. ಸಾಲ, ಬರ, ಕಂದಾಯದ ಹೊರೆಯಿಂದ ಬಿಡುಗಡೆ ಬೇಕೆಂದೇ ಬಹಳ ಜನ ಬಂದಿರಬೇಕು. ಆದರೆ ತಪ್ಪು ಒಂದೇ ಕಡೆಯದಲ್ಲ. ಬಂದವರು ಗುಂಪಾಗಿ, ತಮ್ಮ ವಚನ, ಗುರು, ನಿರೀಕ್ಷೆಗಳನ್ನು ಕಟ್ಟಿಕೊಂಡೇ ಬಂದಿದ್ದರು. ಎದುರಿಗಿದ್ದ ಬೋಧಕರಾದರೋ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಪಂಥದಲ್ಲಿ ಬೆಳೆದವರು. ಆ ಪಂಥದಲ್ಲಿ ಒಬ್ಬ ಮನುಷ್ಯ ಒಂಟಿಯಾಗಿ ದೇವರ ಮುಂದೆ ನಿಲ್ಲಬೇಕು, ತನ್ನ ಪಾಪವನ್ನು ತಾನೇ ಕಂಡುಕೊಂಡು ಒಳಗೇ ಮುರಿಯಬೇಕು, ಆಮೇಲೆ ಹೊಸದಾಗಿ ಹುಟ್ಟಬೇಕು. ದೀಕ್ಷಾಸ್ನಾನಕ್ಕೆ ಮುಂಚೆ ಆ ಒಳಗಿನ ತಿರುವು ಆಗಿದೆಯೋ ಇಲ್ಲವೋ ಎಂದು ಅವರು ಪರೀಕ್ಷಿಸುತ್ತಿದ್ದರು. ಗುಂಪಾಗಿ ನಂಬುವವನಿಗೆ, ತನ್ನ ಹಿರಿಯರ ವಚನದ ಮೂಲಕವೇ ಕ್ರಿಸ್ತನನ್ನು ಗುರುತಿಸುವವನಿಗೆ ಆ ಪರೀಕ್ಷೆಯಲ್ಲಿ ಜಾಗವಿರಲಿಲ್ಲ.

ಹುಟ್ಟಿದ ಕುಲ ಮನುಷ್ಯನ ಕೊನೆಯ ಮಾತಲ್ಲ ಎಂಬುದು ಈ ನೆಲಕ್ಕೆ ಹೊಸದೂ ಆಗಿರಲಿಲ್ಲ. ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲೇ ದೀಕ್ಷೆ ಪಡೆದವನ ಹಿಂದಿನ ಕುಲ ಕೇಳಬಾರದೆಂದಿದ್ದರು. ಮುಂದೆ ಲಿಂಗಾಯತ ಸಮಾಜವೇ ಒಳಗೊಳಗೆ ಪಂಗಡಗಳನ್ನು ಕಟ್ಟಿಕೊಂಡು ಆ ಮಾತನ್ನು ಮರೆಯಿತು. ಮರೆತದ್ದನ್ನು ಮತ್ತೆ ನೆನಪಿಸಬಲ್ಲ ಶಕ್ತಿ ಸುವಾರ್ತೆಗೆ ಇತ್ತು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಜನಾಂಗ, ದಾಸ್ಯ, ಗಂಡು-ಹೆಣ್ಣು ಎಂಬ ಮೂರೂ ಗೆರೆಗಳನ್ನು ಕ್ರಿಸ್ತನಲ್ಲಿ ಅಳಿಸಿಹಾಕುತ್ತಾನೆ. ಅದು ಕಲ್ಯಾಣದ ಓಣಿಯಲ್ಲಿ ಆಡಿದರೂ ಸಲ್ಲುವ ಮಾತು. ಬಾಸೆಲ್ಲಿನ ಬೋಧಕರು ಈ ನಂಟನ್ನು ವಿದ್ವತ್ತಿನಲ್ಲಿ ಕಂಡರು: ಅವರಲ್ಲೊಬ್ಬರಾದ ಹರ್ಮನ್ ಮೋಗ್ಲಿಂಗ್ ಬಸವಪುರಾಣವನ್ನು ಅಚ್ಚು ಹಾಕಿಸಿದರು, ವ್ಯೂರ್ಥ್ ಅದನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿದರು. ಸಭೆ ಕಟ್ಟುವ ಕೆಲಸದಲ್ಲಿ ಮಾತ್ರ ಅದನ್ನು ಬಳಸಲಿಲ್ಲ.

ಗುಂಪಾಗಿ ಬಂದು ತಿರುಗಿ ಹೋದವರದು ಒಂದು ತುದಿಯಾದರೆ, ಇನ್ನೊಂದು ತುದಿಯಲ್ಲಿ ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ, ಮಿಶನ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ಇಬ್ಬರು ಸಂಗಡಿಗರ ಜೊತೆ ದೀಕ್ಷಾಸ್ನಾನ ಪಡೆದಾಗ ಊರಲ್ಲಿ ದೊಡ್ಡ ಗಲಭೆಯೇ ಎದ್ದಿತು. ತನ್ನ ಗುರು ಹರ್ಮನ್ ಮೋಗ್ಲಿಂಗರ ಹೆಸರನ್ನು ಹೊತ್ತು ಹರ್ಮನ್ ಆನಂದರಾವ್ ಕೌಂಡಿನ್ಯ ಆದ. ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಅಭಿಷೇಕ ಪಡೆದು ಮರಳಿದ. ಯುರೋಪಿನ ಮಿಶನರಿಗಳಿಗೆ ಸಮನಾದ ಸ್ಥಾನ ಅವನಿಗೆ ಸಿಕ್ಕಿತು. ಹೊಸ ಹೆಸರಿನ ಪಕ್ಕದಲ್ಲಿ ಹಳೆಯ ಗೋತ್ರವೂ ಉಳಿದದ್ದನ್ನು ನಾನು ಕೊರತೆಯೆಂದು ನೋಡುವುದಿಲ್ಲ. ತನ್ನ ಹಿರಿಯರನ್ನು ಬಿಟ್ಟುಕೊಡದೆ ಅವನು ಕ್ರೈಸ್ತನಾದ. ನನ್ನನ್ನು ಕಾಡುವುದು ಬೇರೆ. ಅವನ ಎಳೆ ವಯಸ್ಸಿನ ಹೆಂಡತಿ ಆಗ ಅವನ ಜೊತೆ ಬರಲಿಲ್ಲ. ಅವನ ಹೊಸ ಬದುಕಿನ ಕಥೆಯನ್ನು ಮಿಶನ್ ಹೆಮ್ಮೆಯಿಂದ ಹೇಳಿತು. ಆ ಹೆಣ್ಣುಮಗಳ ಕಥೆ ಅದರೊಳಗೆ ಒಂದು ಅಡ್ಡಿಯಾಗಿ ಮಾತ್ರ ಬರುತ್ತದೆ. ಗಂಡಸು ತನ್ನ ನಿಜವನ್ನು ಹುಡುಕಿಕೊಂಡು ಹೋದಾಗ ಹಿಂದೆ ಉಳಿದವಳ ನಿಜವೇನು ಎಂದು ಈ ಪರಂಪರೆ ಕೇಳಿಕೊಳ್ಳಲಿಲ್ಲ. ಪೌಲ ಅಳಿಸಿದ ಮೂರನೆಯ ಗೆರೆ ಹಾಗೇ ಉಳಿಯಿತು.

ಕೌಂಡಿನ್ಯನಿಗೆ ಸಿಕ್ಕ ಸಮಾನತೆ ಬೇರೆಯವರಿಗೆ ಸಿಗಲಿಲ್ಲ. ಕರಾವಳಿಯಲ್ಲಿ ಬಿಲ್ಲವರು ಹೆಚ್ಚಾಗಿ ಸಭೆ ಸೇರಿದರು. ಶೇಂದಿ ಇಳಿಸುವ ಕಸುಬು ಕ್ರೈಸ್ತನಿಗೆ ತಕ್ಕದ್ದಲ್ಲ ಎಂದು ಮಿಶನ್ ಬಿಡಿಸಿತು. ಮೊದಲೇ ಕುಲದವರು ಹೊರಗಿಟ್ಟಿದ್ದರು, ಈಗ ಕಸುಬೂ ಹೋಯಿತು. ಅಂಥವರಿಗೆ ಕೆಲಸ ಕೊಡುವುದು ಮಿಶನ್ನಿನ ಹೆಗಲಿಗೇ ಬಂತು. 1851ರಲ್ಲಿ ಹಾಲರ್ ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ತೆರೆದರು, ಖಾಕಿ ಬಣ್ಣದ ಬಟ್ಟೆ ಅಲ್ಲಿಂದ ಹೆಸರಾಯಿತು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹೂಡಿದರು. ಹಸಿದವನಿಗೆ ಅನ್ನ ಕೊಟ್ಟ ಈ ಕೆಲಸವನ್ನು ನಾನು ಹಗುರಾಗಿ ನೋಡಲಾರೆ. ಮಂಗಳೂರು ಹಂಚಿನ ಕೆಳಗೆ ಅರ್ಧ ಕರ್ನಾಟಕ ಮಲಗಿ ಎದ್ದಿದೆ.

ಆದರೆ ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದ ಪಕ್ಕ ಇದನ್ನು ಇಟ್ಟು ನೋಡಬೇಕು. ಪಾಲು ಒಡೆಸಿಕೊಂಡು ಹೋಗಿ ಎಲ್ಲ ಕಳೆದುಕೊಂಡ ಮಗ ಹಂದಿ ಕಾಯುವಾಗ ಎಚ್ಚರಗೊಂಡು ತಂದೆಯ ಬಳಿಗೆ ಹೊರಡುತ್ತಾನೆ. ಮಗನೆನಿಸಿಕೊಳ್ಳುವ ಯೋಗ್ಯತೆ ತನಗಿಲ್ಲ, ಕೂಲಿಯಾಳಾಗಿ ಇಟ್ಟುಕೋ ಎಂದು ಕೇಳುವುದಾಗಿ ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಿರುತ್ತಾನೆ. ತಂದೆ ಆ ಮಾತನ್ನು ಪೂರ್ತಿ ಆಡಗೊಡುವುದಿಲ್ಲ. ಅಂಗಿ ತೊಡಿಸುತ್ತಾನೆ, ಬೆರಳಿಗೆ ಉಂಗುರ ಹಾಕುತ್ತಾನೆ, ಕಾಲಿಗೆ ಕೆರ ಕೊಡಿಸುತ್ತಾನೆ. ಮನುಷ್ಯನ ಗುರುತು ಅವನು ದುಡಿದು ಗಳಿಸುವುದಲ್ಲ, ಪ್ರೀತಿಯಿಂದ ಹಿಂದಿರುಗಿ ಸಿಗುವುದು ಎಂಬ ಮಾತನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆ ನನಗೆ ಗೊತ್ತಿಲ್ಲ. ಬಾಸೆಲ್ ಮಿಶನ್ ಈ ಕಥೆಯನ್ನು ಹಳ್ಳಿ ಹಳ್ಳಿಯಲ್ಲಿ ಸಾರಿತು. ಮನೆಗೆ ಬಂದ ಮಗನಿಗೆ ಮಾತ್ರ, ಅವನು ಕೇಳಿದ ಕೂಲಿಯನ್ನೇ ಕೊಟ್ಟಿತು. ಅವನ ಮನೆ ಮಿಶನ್ ಕಂಪೌಂಡಿನಲ್ಲಿ, ಅನ್ನ ಮಿಶನ್ ಕಾರ್ಖಾನೆಯಲ್ಲಿ, ನಡತೆಯ ಲೆಕ್ಕ ಮಿಶನ್ ಪುಸ್ತಕದಲ್ಲಿ. ಸಭೆಯ ಶಿಸ್ತಿಗೆ ತಪ್ಪಿದವನ ವಿಶ್ವಾಸ, ಕೆಲಸ, ಸೂರು ಮೂರೂ ಒಂದೇ ಕೈಯಲ್ಲಿದ್ದವು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಬಂಧಿಸಿ ಹೊರಗೆ ಕಳಿಸಿದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ದಣಿ ಬದಲಾದ, ದುಡಿಯುವವನು ದುಡಿಯುತ್ತಲೇ ಇದ್ದ.

ಮಿಶನ್ನಿನ ಒಳಗಿದ್ದೇ ಈ ದಣಿ-ಆಳಿನ ನಡೆಗೆ ಒಗ್ಗದೆ ಹೋದವರೂ ಇದ್ದರು. 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ ಕನ್ನಡಿಗರ ನಡುವೆ ಕನ್ನಡಿಗನಂತೆ, ಬಡತನದಲ್ಲಿ, ಕಾಲ್ನಡಿಗೆಯಲ್ಲಿ ಬದುಕಲು ಹಂಬಲಿಸಿದರು. ಮೇಲಿನವರಿಗೆ ಅದು ಹಿಡಿಸಲಿಲ್ಲ. ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ 1862ರಲ್ಲಿ ಹಾಡಿದರು, 1894ರಲ್ಲಿ ನಿಘಂಟು ಕೊಟ್ಟರು. ಕನ್ನಡ ನಾಡು ಅವರನ್ನು ನಿಘಂಟಿನಿಂದ ನೆನೆಯುತ್ತದೆ. ಆ ನಿಘಂಟಿನ ಬೇರು ಈ ಹಂಬಲದಲ್ಲಿದೆ ಎಂದು ನಾನು ನಂಬಿದ್ದೇನೆ.

ಆದರೆ ಕಿಟೆಲ್ ಹೊರಗಿನಿಂದ ಒಳಬರಲು ಹೊರಟವರು. ಒಳಗಿನವನೇ ಆಗಿ ಈ ಪ್ರಶ್ನೆಗೆ ಉತ್ತರ ಬದುಕಿ ತೋರಿಸಿದವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು; ಹಿರಿಯರ ಊರು ಹೂವಿನಹಡಗಲಿ ಸೀಮೆಯ ಉತ್ತಂಗಿ, ತುಂಗಭದ್ರೆ ದಾಟಿದರೆ ನಮ್ಮ ಕೊಪ್ಪಳಕ್ಕೆ ದೂರವಲ್ಲ. ಮಂಗಳೂರಿನ ಬಾಸೆಲ್ ಮಿಶನ್ ದೇವಜ್ಞಾನ ಶಾಲೆಯಲ್ಲಿ ಓದಿ ಪಾಸ್ಟರಾದರು. ಹೆಸರು ಚನ್ನಪ್ಪ ಎಂದೇ ಉಳಿಯಿತು. ಹಳ್ಳಿಗಳಲ್ಲಿ ಸುವಾರ್ತೆ ಸಾರುತ್ತ ತಿರುಗುವಾಗಲೇ ಜನರ ಬಾಯಲ್ಲಿದ್ದ, ಓಲೆಗರಿಗಳಲ್ಲಿದ್ದ ಸರ್ವಜ್ಞನ ವಚನಗಳನ್ನು ಕೂಡಿಹಾಕಿದರು. 1924ರಲ್ಲಿ ಅವು ಪುಸ್ತಕವಾಗಿ ಬಂದವು. ಇವತ್ತು ನಾವು ಮಾತಿಗೊಮ್ಮೆ ಸರ್ವಜ್ಞನನ್ನು ನೆನೆಯುತ್ತೇವಲ್ಲ, ಅದರ ಹಿಂದೆ ಒಬ್ಬ ಕ್ರೈಸ್ತ ಬೋಧಕನ ಬೆವರಿದೆ. ಮೋಳಿಗೆ ಮಾರಯ್ಯನ ವಚನಗಳನ್ನು ಸಂಪಾದಿಸಿದವರಲ್ಲಿ ಅವರೂ ಒಬ್ಬರು. ಅನುಭವ ಮಂಟಪವೆಂಬುದೇ ಇರಲಿಲ್ಲ ಎಂಬ ವಾದ ಎದ್ದಾಗ ಅದರ ಐತಿಹಾಸಿಕತೆಯನ್ನು ಸಾಧಿಸಲು ಪುಸ್ತಕ ಬರೆದರು. ತಮ್ಮನ್ನು ತಿರುಳ್ಗನ್ನಡದ ತಿರುಕ ಎಂದು ಕರೆದುಕೊಂಡರು.

ಇದನ್ನು ಸಾಮರಸ್ಯದ ಮಾದರಿ ಎಂದು ಹೊಗಳಿ ಮುಂದೆ ಹೋಗುವುದು ನಮ್ಮಲ್ಲಿ ರೂಢಿ. ಆ ಹೊಗಳಿಕೆ ಅವರಿಗೆ ಸಾಲದು. ಉತ್ತಂಗಿಯವರು ಕ್ರೈಸ್ತ ನಂಬಿಕೆಯನ್ನು ತೆಳುಮಾಡಿಕೊಂಡು ಶರಣರ ಬಳಿ ಹೋದವರಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕ ಬರೆದ ಮನುಷ್ಯನಿಗೆ ಕ್ರಿಸ್ತನೇ ಕೇಂದ್ರ. ತಾನು ಯಾರೆಂಬುದು ಅಲ್ಲಿ ಗಟ್ಟಿಯಾದದ್ದರಿಂದಲೇ ಸರ್ವಜ್ಞನ ಬಳಿ ಹೋಗಲು ಅವರಿಗೆ ಅಂಜಿಕೆಯಿರಲಿಲ್ಲ. ಕಾಲಜ್ಞಾನದ ಮಂದಿಯನ್ನು ಹಿಂದಕ್ಕೆ ಕಳಿಸಿದ ಪಂಥದೊಳಗಿನಿಂದಲೇ, ಆ ಮಂದಿ ಕಟ್ಟಿಕೊಂಡು ಬಂದಿದ್ದ ಗಂಟನ್ನು ಬಿಚ್ಚಿ ಓದಿದವರು ಹುಟ್ಟಿದರು. ಅವರು ಮಿಶನ್ನಿನ ಆಳಾಗಿ ಉಳಿಯಲಿಲ್ಲ, ಕನ್ನಡ ಮನೆಯ ಮಗನಾಗಿ ನಿಂತರು. 1949ರಲ್ಲಿ ಕಲಬುರಗಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮನ ಆಳ್ವಿಕೆ ಮುಗಿದದ್ದು ಅದರ ಹಿಂದಿನ ವರ್ಷ. ಉರ್ದುವಿನ ಅಧಿಕಾರದಡಿ ತಮ್ಮ ಭಾಷೆಯ ಗುರುತನ್ನೇ ಕಳೆದುಕೊಂಡಿದ್ದ ನಮ್ಮ ಜಿಲ್ಲೆಗಳ ಜನಕ್ಕೆ ಕನ್ನಡದ ಮಾತು ಹೇಳಲು ಬಂದವರು ಒಬ್ಬ ಪಾಸ್ಟರು.

ಈಗಿನ ಹಳ್ಳಿಗೆ ಬರೋಣ. ಬಾಸೆಲ್ ಸಭೆಗಳು ಇಂದು ಚರ್ಚ್ ಆಫ್ ಸೌತ್ ಇಂಡಿಯಾದ (ಸಿಎಸ್‌ಐ) ಸಭೆಗಳಾಗಿವೆ. ಅವುಗಳ ಪಕ್ಕದಲ್ಲಿ ಪೆಂತಕೋಸ್ತ ಕೂಟಗಳು ಬೆಳೆದಿವೆ. ಮಂಗಳೂರು, ಗೋವಾ, ಬೆಂಗಳೂರಿಗೆ ದುಡಿಯಲು ಹೋಗಿ ಬರುವ ಗಂಡಸರು ಅಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಾರೆ: ಮೊದಲು ಕುಡಿಯುತ್ತಿದ್ದೆ, ಹೆಂಡತಿಯನ್ನು ಹೊಡೆಯುತ್ತಿದ್ದೆ, ಪ್ರಭು ನನ್ನನ್ನು ಮನುಷ್ಯನನ್ನಾಗಿ ಮಾಡಿದ. ಪಗಾರ ಮನೆ ಸೇರಿದ್ದನ್ನು ಕಂಡ ಹೆಂಡತಿಗೆ ಈ ಸಾಕ್ಷಿ ಸುಳ್ಳಲ್ಲ. ಕೌಂಡಿನ್ಯನ ಕಾಲದಲ್ಲಿ ಹಿಂದೆ ಉಳಿದವಳು ಇಲ್ಲಿ ಎಷ್ಟೋ ಸಲ ತಾನೇ ಮೊದಲು ಬಂದು ಗಂಡನನ್ನು ಕರೆತಂದಿರುತ್ತಾಳೆ. ಆದರೆ ಪಯಟಿಸ್ಟರ ಹಳೆಯ ದೋಷ ಇಲ್ಲಿಯೂ ಇದೆ. ಮನುಷ್ಯನ ಕತ್ತಲೆಯೆಲ್ಲ ಅವನ ಸ್ವಂತ ಪಾಪದ್ದೇ ಎಂಬಂತೆ ಸಾಕ್ಷಿ ಮುಗಿಯುತ್ತದೆ. ಅವನನ್ನು ಗುಳೆ ಹೋಗುವಂತೆ ಮಾಡಿದ ಭೂಮಿಯಿಲ್ಲದ ಬಡತನ, ಹೋಟೆಲಿನ ಹೊರಗೆ ನಿಲ್ಲಿಸಿದ ಜಾತಿ ಆ ಮಾತಿನೊಳಗೆ ಬರುವುದಿಲ್ಲ.

ರಾಜ್ಯವೂ ಅವನನ್ನು ಬಿಟ್ಟಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ಮಾದಿಗ ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ತೆರೆದ ಬಾಗಿಲು ಅವನಿಗೆ ಮುಚ್ಚಿಯೇ ಇದೆ. ಕ್ರೈಸ್ತನಾದ ಮಾತ್ರಕ್ಕೆ ಊರು ಅವನನ್ನು ಮಾದಿಗನೆಂದು ನೋಡುವುದು ಬಿಟ್ಟೀತೆಂದು ಈ ಆದೇಶ ನಂಬಿದಂತಿದೆ. ಊರು ಹಾಗೆ ಬಿಟ್ಟಿಲ್ಲ. ಹಾಗಾಗಿ ಭಾನುವಾರ ಒಂದು ಹೆಸರು, ತಹಶೀಲ್ದಾರ್ ಕಚೇರಿಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವವರಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಯ ಹೆಸರಿಗೆ ಕ್ರೈಸ್ತ ಎಂದು ಸೇರಿಸಿದ್ದ ಹೆಸರುಗಳು ಕಂಡಾಗ ಎಷ್ಟು ಗದ್ದಲವಾಯಿತು! ಎರಡು ಗುರುತುಗಳನ್ನು ಒಟ್ಟಿಗೆ ಹೊತ್ತ ಮನುಷ್ಯ ಇದ್ದಾನೆಂದು ಒಪ್ಪಲು ಅವನ ಹಳೆಯ ಕುಲದವರೂ ಸಿದ್ಧರಿಲ್ಲ, ಸಭೆಯ ಹಿರಿಯರಲ್ಲಿ ಹಲವರೂ ಸಿದ್ಧರಿಲ್ಲ.

ಹೀಗಿರುವಾಗ ಉತ್ತಂಗಿಯವರ ಉತ್ತರವೂ ಎಲ್ಲರಿಗೂ ಎಟಕುವಂಥದ್ದಲ್ಲ. ವಿದ್ವಾಂಸನಾದ ಕ್ರೈಸ್ತನನ್ನು ಕನ್ನಡ ನಾಡು ವೇದಿಕೆಯ ಮೇಲೆ ಕೂರಿಸಿತು. ಕುಷ್ಟಗಿಯ ಕೂಲಿಕಾರ ಕ್ರೈಸ್ತನಿಗೆ ಅಂಥ ವೇದಿಕೆಯಿಲ್ಲ. ಅವನ ಬಳಿ ಇರುವುದು ‘ನೀನು ಮಗ’ ಎಂದು ಹೇಳಿದ ಒಂದು ಸುವಾರ್ತೆ ಮಾತ್ರ. ಆ ಮಾತು ನಿಜವಾಗಬೇಕಾದರೆ ಸಭೆ ಅವನ ಸಾಕ್ಷಿ ಕೇಳುವುದರ ಜೊತೆಗೆ ಅವನ ಭೂಮಿಯ ಹಕ್ಕು, ಮಕ್ಕಳ ವಿದ್ಯಾರ್ಥಿ ವೇತನ, ಜಾತಿ ಪ್ರಮಾಣಪತ್ರದ ಜಗಳಗಳನ್ನೂ ತನ್ನದೆಂದು ಹೊರಬೇಕು. ಮದುವೆ ಸಂಬಂಧ ನೋಡುವಾಗ ಸಭೆಯವರೇ ಹಿಂದಿನ ಕುಲ ವಿಚಾರಿಸುವುದನ್ನು ಬಿಡಬೇಕು. ಬೆಟಗೇರಿಯಲ್ಲಿ ಬಾಸೆಲ್ಲಿನವರು ಆರಂಭಿಸಿ ಹೆಚ್ಚುಕಡಿಮೆ ಎರಡು ಶತಮಾನವಾಗುತ್ತ ಬಂದರೂ ಈ ಕೆಲಸ ಬಾಕಿಯೇ ಇದೆ, ಮತ್ತು ಅದನ್ನು ಮಾಡಬೇಕಾದವರು ಈಗ ಜರ್ಮನಿಯಿಂದ ಬರಬೇಕಾಗಿಲ್ಲ.